ಪಕ್ಕೀರವ್ವನ ಹನ್ನೊಂದು ಗೆರೆ

ಪಕ್ಕೀರವ್ವ ಕೊಪ್ಪಳದ ನಮ್ಮ ಕಾಲೇಜಿನಲ್ಲಿ ಕಸ ಗುಡಿಸುತ್ತಿದ್ದಳು. ಭಾಗ್ಯನಗರದ ನಮ್ಮ ಓಣಿಯವಳೇ. ಶಾವಿಗೆ ಹೊಸೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಅವಳು ಹೊಸೆದ ಶಾವಿಗೆ ಉಂಡ ಮದುಮಗನೊಬ್ಬ ತಿಂಗಳೊಳಗೆ ಬೈಕಿನಿಂದ ಬಿದ್ದು ಸತ್ತ. ಕುಡಿದು ಓಡಿಸಿದವನು ಅವನು, ಕೆಟ್ಟದ್ದು ಇವಳ ಕೈ! ನಮ್ಮ ಓಣಿಯ ನ್ಯಾಯ ಅಂಥದ್ದು. ಆಮೇಲೆ ಅವಳನ್ನು ಯಾರೂ ಕರೆಯಲಿಲ್ಲ.

ನಾನಾಗ ಬಿ.ಎ. ಮೊದಲ ವರ್ಷ. ಸಮಾಜಶಾಸ್ತ್ರದ ಮಾಜೀದ ಸರ್ ಒಂದು ಕೆಲಸ ಹಚ್ಚಿದರು. ಓಣಿಯಲ್ಲಿ ಯಾರು ಯಾರನ್ನು ಕೆಲಸಕ್ಕೆ ಕರೆಯುತ್ತಾರೆ ಎಂದು ಕೇಳಬೇಕು, ಒಬ್ಬೊಬ್ಬರಿಗೆ ಒಂದು ವೃತ್ತ ಬರೆಯಬೇಕು, ಹೆಸರು ಹೇಳಿದವರಿಂದ ಹೇಳಿಸಿಕೊಂಡವರ ಕಡೆಗೆ ಬಾಣದ ಗೆರೆ ಎಳೆಯಬೇಕು. ಬೇಸಿಗೆಯಲ್ಲಿ ನಮ್ಮ ಹೆಂಗಸರು ಒಬ್ಬರ ಮನೆಗೊಬ್ಬರು ಹೋಗಿ ಶಾವಿಗೆ ಹೊಸೆದುಕೊಡುತ್ತಾರೆ. ನಾನು ಮನೆಮನೆಗೆ ಹೋಗಿ ಕುಳಿತು, ಶಾವಿಗೆಗೆ ನಿನಗೆ ಯಾರು ಬೇಕು ಎಂದು ಕೇಳಿದೆ. ಹನ್ನೆರಡು ಮಂದಿಯಲ್ಲಿ ಪಕ್ಕೀರವ್ವನ ಹೆಸರನ್ನು ಒಬ್ಬರೂ ಹೇಳಲಿಲ್ಲ. ಅವಳು ಮಾತ್ರ ಉಳಿದ ಹನ್ನೊಂದು ಹೆಸರನ್ನೂ ಹೇಳಿದ್ದಳು.

ಚಿತ್ರವನ್ನು ಕಾಲೇಜಿನ ಗೋಡೆಗೆ ಅಂಟಿಸಿದರು. ಪಕ್ಕೀರವ್ವ ಕಸಬರಿಗೆ ಹಿಡಿದು ಅದರ ಮುಂದೆ ನಿಂತು, ಒಂದು ವೃತ್ತದ ಮೇಲೆ ಬೆರಳಿಟ್ಟಳು.

"ಇಷ್ಟೊಂದು ಗೆರಿ ಅದಾವಲ್ಲ ಯವ್ವಾ, ಇದು ಯಾರದ?"

"ನಿಂದs."

"ಹಂಗಾರ ಎಲ್ಲಾರೂ ನನ್ನ ಹೆಸರ ಹೇಳ್ಯಾರ?"

ಬಾಣಗಳೆಲ್ಲ ಅವಳಿಂದ ಹೊರಗೆ ಹೊರಟಿದ್ದವು. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಹೂಂ ಅಂದೆ.

ಮುಂದಿನ ವಾರ ಅಣ್ಣನ ಮದುವೆಯ ಶಾವಿಗೆಗೆ ಓಣಿಯವರೆಲ್ಲ ನಮ್ಮ ಮಾಳಿಗೆ ಮೇಲೆ ಸೇರಿದ್ದರು. ಪಕ್ಕೀರವ್ವ ಶಾವಿಗೆ ಮಣೆ ಹೊತ್ತು ಮೆಟ್ಟಿಲು ಹತ್ತಿ ಬಂದಳು. ಹೊಸ ಸೀರೆ, ತಲೆ ತುಂಬ ಎಣ್ಣೆ. ಎಲ್ಲರ ಕೈ ನಿಂತವು.

"ನೀವೆಲ್ಲಾ ನನ್ನ ಹೆಸರ ಹೇಳೀರಂತ ಯಕ್ಕಾ. ಸುಕನ್ಯಾ ಹೇಳಿದ್ಲು," ಎಂದು ನಕ್ಕಳು.

ಅವ್ವ ನನ್ನ ಕಡೆ ತಿರುಗಿದಳು. "ಹೌದನ?"

ಹನ್ನೊಂದು ಮುಖಗಳು ನನ್ನನ್ನೇ ನೋಡುತ್ತಿದ್ದವು.

"ಇಲ್ಲ. ನಾ ಹಂಗ ಹೇಳೇ ಇಲ್ಲ," ಅಂದೆ.

ಪಕ್ಕೀರವ್ವ ನನ್ನನ್ನು ನೋಡಿದಳು. ಆಮೇಲೆ ಅವ್ವನಿಗೆ, "ಹುಡುಗಿಗೆ ಬೈಬ್ಯಾಡ್ರಿ. ನನಗ ಓದಾಕ ಬರಂಗಿಲ್ಲ, ನಾನs ತಪ್ಪ ತಿಳಕೊಂಡೆ," ಎಂದು ಮಣೆ ಎತ್ತಿಕೊಂಡು ಇಳಿದುಹೋದಳು.

ಆ ಸಲದ ಪರೀಕ್ಷೆಯಲ್ಲಿ ಗುಂಪಿನ ಒತ್ತಡದ ಬಗ್ಗೆ ಪ್ರಶ್ನೆ ಬಂತು. ಹತ್ತಕ್ಕೆ ಒಂಬತ್ತು ತೆಗೆದೆ, ನಾಚಿಕೆಗೆಟ್ಟವಳು. ಈಗ ಕುಷ್ಟಗಿಯಲ್ಲಿ ಅದೇ ಪಾಠ ಮಾಡುತ್ತೇನೆ. ಆ ಪುಟ ತೆರೆದಾಗಲೆಲ್ಲ ಮಣೆ ಗೋಡೆಗೆ ತಾಗುತ್ತ ಮೆಟ್ಟಿಲಿಳಿಯುವ ಸಪ್ಪಳ ಕೇಳುತ್ತದೆ. ಮಾತು ನಿಲ್ಲಿಸುತ್ತೇನೆ. ಹುಡುಗರು ಬಾಗಿಲ ಕಡೆ ನೋಡುತ್ತಾರೆ. ಯಾರೂ ಇರುವುದಿಲ್ಲ.

ಹೋದ ವರ್ಷ ಪಕ್ಕೀರವ್ವ ತೀರಿಕೊಂಡಳು. ಮಣ್ಣಿಗೆ ಹೋಗಿದ್ದೆ. ಅವಳ ಮಗಳು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು.

"ಅವ್ವ ನಿಮ್ಮನ್ನ ಭಾಳ ನೆನಸ್ತಿದ್ಲುರಿ. ಇಷ್ಟ ವರ್ಷದಾಗ ನಮ್ಮ ಮನಿಗೆ ಬಂದು, ಕುಂತು, ನಿನಗ ಯಾರ ಬೇಕು ಅಂತ ಕೇಳಿದಾಕಿ ಆಕಿ ಒಬ್ಬಾಕಿನ ಅಂತಿದ್ಲು."