ಮೀನುಪೇಟೆಯ ಮೆಂಬರು

ಜಾಲಿ ಪಟ್ಟಣ ಪಂಚಾಯ್ತಿಯ ಮೆಂಬರು ಮಾಸ್ತಮ್ಮನಿಗೆ ಮೀನುಪೇಟೆಯೇ ಕಚೇರಿ. ಬಂಗಡೆ ಕೊಯ್ಯುತ್ತಲೇ ಅವಳು ಪಕ್ಷಗಳ ಕರುಳನ್ನೂ ಹೊರಗೆಳೆಯುತ್ತಾಳೆ: "ಭಾಷಣ ಎಂತಕ್ಕೆ? ನಳಕ್ಕೆ ನೀರು ಬಂತಾ, ಅದು ಹೇಳಿ!" ಯಾರ ಮನೆಯಲ್ಲಿ ತೊಟ್ಟಿಲು, ಯಾರ ಮನೆಯಲ್ಲಿ ನಿಶ್ಚಯ ಎಂಬ ಸುದ್ದಿಯನ್ನು ಕನ್ನಡದವರಿಗೆ ಕನ್ನಡದಲ್ಲಿ, ನವಾಯತಿಯವರಿಗೆ ನವಾಯತಿಯಲ್ಲಿ, ಎರಡಕ್ಕೂ ಮಸಾಲೆ ಹಚ್ಚಿಯೇ ಹಂಚುತ್ತಾಳೆ. ಸಭೆಯಲ್ಲಿ ಅವಳ ಮುಂದೆ ಮೈಕು ಇಡುವುದಿಲ್ಲ. ಆ ದನಿ ತೆಂಗಿನಗುಂಡಿ ಬಂದರಿನ ದೋಣಿಗಳಿಗೂ ಕೇಳುತ್ತದೆ. ಚುನಾವಣೆಯಲ್ಲಿ ಅವಳೆದುರು ಕೂದಲೆಳೆಯ ಅಂತರದಲ್ಲಿ ಸೋತ ಸುಷ್ಮಾ ದಿನಾ ಬಂದು ಮೀನಿಗೂ ಆಡಳಿತಕ್ಕೂ ಒಟ್ಟಿಗೇ ಹೆಸರಿಡುತ್ತಾಳೆ. ಮೊನ್ನೆ "ನಿಂಗೆ ಓಟು ಒತ್ತಿದ ಕೈ ಸೇದಿ ಹೋಗ್ಲಿ!" ಎಂದು ಅವಳು ಶಪಿಸಿದಾಗ, ಮಾಸ್ತಮ್ಮ ಜನ್ಮದಲ್ಲೇ ಮೊದಲ ಬಾರಿಗೆ ದನಿ ತಗ್ಗಿಸಿದಳು: "ಸದ್ಯ, ನನ್ನ ಕೈ ಉಳೀತು ಮಾರಾಯ್ತಿ. ನನ್ನ ಹೆಸರು ನಾನೇ ಒತ್ತುಕೆ ನಾಚ್ಕೆ ಆತು. ನಿನ್ನದೇ ಒತ್ತಿ ಬಂದೆ."