ಮುಷ್ಟಿ ಚೀಪುವ ಕೂಸಿನ ತಾಯಿ

ಮಹಾದೇವಮ್ಮ ಗ್ರೀಷ್ಮಾಳನ್ನು ಮೊದಲು ಕಂಡ ದಿನ, ಮನೀಶ್ ನಗರದ ಆ ಮನೆಯಲ್ಲಿ ಎರೆಯುವ ನೀರು ಕಾದು, ಆರಿ, ಮತ್ತೆ ಕಾಯುತ್ತಿತ್ತು. ಗಂಡ ಗುರುಸಿದ್ದಪ್ಪನ ರೈಲ್ವೆ ನೌಕರಿಯ ಹಿಂದೆ ಗದಗಿನಿಂದ ನಾಗಪುರಕ್ಕೆ ಬಂದ ಮಹಾದೇವಮ್ಮ, ಅವನು ತೀರಿಕೊಂಡ ಮೇಲೂ ಇಲ್ಲೇ ಉಳಿದು, ಕನ್ನಡದವರ ಮನೆಗಳಲ್ಲಿ ಕೂಸುಗಳಿಗೆ ಎಣ್ಣೆ ಹಚ್ಚಿ ನೀರೆರೆಯುತ್ತ ಬಂದವಳು. ಅಂದೂ ಅದಕ್ಕೇ ಕರೆಸಿದ್ದರು. ಆದರೆ ಕೂಸು ಎರೆಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ.

ಅದು ಕಿರುಚಿ ಕೆಂಪಾಗಿತ್ತು. ತಾಯಿ ಎದೆಗೆ ತಂದದ್ದೇ ತಡ, ಎರಡೂ ಮುಷ್ಟಿಗಳನ್ನು ಬಾಯಿಗೆ ತುರುಕಿಕೊಂಡು ಲೊಚಲೊಚ ಚೀಪುತ್ತಿತ್ತು. ಒಂದು ಕೈ ಬಿಡಿಸಿದರೆ ಇನ್ನೊಂದು ಹೋಗುತ್ತಿತ್ತು. ಎರಡನ್ನೂ ಹಿಡಿದರೆ ಎದೆ ಹಿಡಿಯಲು ತಾಯಿಗೆ ಕೈ ಉಳಿಯುತ್ತಿರಲಿಲ್ಲ. ಬಾಗಿಲಲ್ಲಿ ನಿಂತ ಮುದುಕಿಯನ್ನು ನೋಡಿ ಗ್ರೀಷ್ಮಾ ಕಣ್ಣೊರೆಸಿಕೊಂಡು ಹೇಳಿದ ಮೊದಲ ಮಾತು ಇದು:

“ಬನ್ನಿ ಅಜ್ಜಿ. ನಿಮ್ಮ ಹತ್ರ ಒಂದು ಮೂರನೇ ಕೈ ಇದ್ರೆ ಕೊಡಿ.”

ಅಳುವಾಗಲೂ ಚೇಷ್ಟೆ ಬಿಡದ ಹುಡುಗಿ ಎಂದು ಮಹಾದೇವಮ್ಮನಿಗೆ ಆಗಲೇ ಹಿಡಿಸಿಬಿಟ್ಟಳು.

ಅಡುಗೆಮನೆಯ ಹೊಸ್ತಿಲಲ್ಲಿ ಅತ್ತೆ ಸೀತಾಲಕ್ಷ್ಮಿ ಹಾಲಿನ ಪುಡಿಯ ಡಬ್ಬಿ ಹಿಡಿದುಕೊಂಡೇ ನಿಂತಿದ್ದರು. ಗ್ರೀಷ್ಮಾಳಿಗೆ ತಾಯಿಯಿಲ್ಲ, ಬಾಣಂತನಕ್ಕೆಂದು ಅವರೇ ಮೈಸೂರಿನಿಂದ ಬಂದಿದ್ದರು. ಕೆಟ್ಟ ಹೆಂಗಸಲ್ಲ. ಆದರೆ ಮೊಮ್ಮಗ ಕೈ ಚೀಪುವುದನ್ನು ನೋಡಿದಾಗಲೆಲ್ಲ ಅವರಿಗೆ ಒಂದೇ ಅರ್ಥ ಹೊಳೆಯುತ್ತಿತ್ತು: ಸೊಸೆಗೆ ಹಾಲು ಸಾಲದು, ಮಗು ಹಸಿವಿಗೆ ತನ್ನ ಕೈಯನ್ನೇ ತಿನ್ನುತ್ತಿದೆ. ಹಾಗೆಂದು ನೆರೆಹೊರೆಗೂ ಹೇಳಿ ಆಗಿತ್ತು. ಕೊನೆಗೆ ಅತ್ತೆ ಸೊಸೆ ಒಂದು ಕರಾರಿಗೆ ಬಂದಿದ್ದರು. ಲಸಿಕೆಗೆ ಹೋದ ದಿನ ತೂಕ ಚೆನ್ನಾಗಿ ಏರಿದ್ದರೆ ಸರಿ, ಇಲ್ಲದಿದ್ದರೆ ಡಬ್ಬಿ ತೆರೆಯುವುದು.

ಗ್ರೀಷ್ಮಾಳ ಕೆಲಸ ಕೋರಾಡಿಯ ವಿದ್ಯುತ್ ಕೇಂದ್ರದಲ್ಲಿ, ಗುತ್ತಿಗೆ ಕಂಪನಿಯೊಂದರ ಪರವಾಗಿ ಕಂಟ್ರೋಲ್ ರೂಮಿನಲ್ಲಿ ಕೂರುವುದು. ಗಂಡ ನಿಖಿಲನ ಕಂಪ್ಯೂಟರ್ ಕೆಲಸ ಮನೆಗೆ ಹತ್ತಿರವೇ ಇತ್ತು. ಇವಳು ಮಾತ್ರ ಊರಿನ ಆ ತುದಿಯವರೆಗೆ ಬಸ್ಸು ಹಿಡಿಯಬೇಕು. ಪಾಲಿಟೆಕ್ನಿಕ್ ಸೇರಿದಾಗ ಇದು ಹುಡುಗಿಯರಿಗಲ್ಲ ಎಂದವರಿದ್ದರು. ಪಾಳಿಗೆ ಹೋದಾಗಲೂ ಅಂದರು. ಎರಡೂ ಸಲ ಅವಳು ಉತ್ತರ ಕೊಡದೆ ಕೆಲಸ ಮಾಡಿ ತೋರಿಸಿದ್ದಳು. ಹೆರಿಗೆಯೊಂದು ಮಾತ್ರ ಅವಳ ಕೈಮೀರಿ ಆಪರೇಷನ್ ಆಗಿಹೋಗಿತ್ತು. ಹಾಲೂಡುವುದಾದರೂ ತನ್ನ ಮೈಯಿಂದಲೇ ಆಗಲಿ ಎಂಬುದು ಅವಳ ಹಟ. ಆ ಹಟದ ಕೆಳಗೆ ದೊಡ್ಡ ಹೆದರಿಕೆಯಿತ್ತು ಎಂದು, ಅವಳ ಬೆನ್ನಿಗೆ ಎಣ್ಣೆ ತಿಕ್ಕುವಾಗ ಮಹಾದೇವಮ್ಮನ ಕೈಗೆ ತಿಳಿಯುತ್ತಿತ್ತು.

ಮಹಾದೇವಮ್ಮ ತನಗೆ ಗೊತ್ತಿದ್ದ ಮದ್ದನ್ನೇ ಮಾಡಿದಳು. ಕೈ ಚೀಪುವುದು ದುರಭ್ಯಾಸ, ಹಲ್ಲು ಮುಂದೆ ಬರುತ್ತವೆ ಎಂದು ಅವಳ ಅತ್ತೆ ಕಲಿಸಿದ್ದಳು. ಹಳೆಯ ಧೋತರ ಹರಿದು ಪುಟ್ಟ ಚೀಲ ಹೊಲಿದು, ಕೂಸಿನ ಎರಡೂ ಕೈಗೆ ಕಟ್ಟಿ, ಮೇಲೆ ಬಿಗಿಯಾಗಿ ಬಟ್ಟೆ ಸುತ್ತಿದಳು. ಬಾಣಂತಿಗೆ ಗಾಳಿ ತಾಗಬಾರದೆಂದು ಸೀತಾಲಕ್ಷ್ಮಿ ಕೂಲರ್ ಆರಿಸಿದರು. ಹೊರಗೆ ನಾಗಪುರದ ಏಪ್ರಿಲ್ ಬಿಸಿಲು. ಮೈಸೂರಿನ ಕಟ್ಟುಪಾಡು, ಗದಗಿನ ಚೀಲ, ವಿದರ್ಭದ ಬೇಸಗೆ ಮೂರೂ ಕೂಡಿ ಆ ಕೂಸನ್ನು ಬೇಯಿಸಿದವು. ಅದು ಚೀಲವನ್ನೇ ಚೀಪಿತು. ಎದೆಗೆ ತಂದರೆ ಬೆನ್ನು ಸೆಟೆದು ಚೀರಿತು.

ಒಂದು ಬೆಳಿಗ್ಗೆ ಮಹಾದೇವಮ್ಮ ಬಂದಾಗ ಕೂಲರ್ ಓಡುತ್ತಿತ್ತು. ಕೂಸು ಬರಿಮೈಯಲ್ಲಿ ಮಲಗಿತ್ತು, ಚೀಲಗಳು ಇರಲಿಲ್ಲ. ಪಕ್ಕದಲ್ಲಿ ಗ್ರೀಷ್ಮಾ ಅಲುಗಾಡದೆ ಕೂತು ಅದನ್ನೇ ನೋಡುತ್ತಿದ್ದಳು.

“ಚೀಲ ಎಲ್ಲಿ ಒಗದಿ ತಂಗಿ?”

“ಕೋಪ ಮಾಡ್ಕೋಬೇಡಿ ಅಜ್ಜಿ. ಕೂತ್ಕೊಳ್ಳಿ, ನನ್ನ ಜೊತೆ ನೋಡಿ.”

ಇಬ್ಬರೂ ನೋಡಿದರು. ನಿದ್ದೆಯಿಂದ ಎದ್ದ ಕೂಸು ಮೊದಲು ನಾಲಿಗೆ ಹೊರಗೆ ಹಾಕಿತು. ಆಮೇಲೆ ಏನೋ ಹುಡುಕುವಂತೆ ತಲೆ ಅತ್ತಿತ್ತ ತಿರುಗಿಸಿತು. ಆಮೇಲೆ ಒಂದು ಮುಷ್ಟಿ ನಿಧಾನವಾಗಿ ಏರಿ ಬಾಯಿಗೆ ಹೋಯಿತು. ಆಗ ಅದು ಅಳುತ್ತಲೇ ಇರಲಿಲ್ಲ, ಶಾಂತವಾಗಿತ್ತು.

“ಇಷ್ಟು ದಿನ ನಾವು ಅವನು ಅಳೋವರೆಗೂ ಕಾಯ್ತಿದ್ವಿ,” ಎಂದಳು ಗ್ರೀಷ್ಮಾ. “ಅಳು ಅನ್ನೋದು ಕೊನೇ ಅಲಾರಂ ಅಜ್ಜಿ. ಅಲಾರಂ ಹೊಡೆಯೋವರೆಗೂ ಮೀಟರ್ ಮುಳ್ಳು ನೋಡದೆ ಕೂತವರನ್ನ ನಮ್ಮ ಕಂಟ್ರೋಲ್ ರೂಮಲ್ಲಿ ಮನೆಗೆ ಕಳಿಸ್ತಾರೆ. ಪಾಪ, ಇವನು ಕೈಯಲ್ಲಿ ಹೇಳ್ತಿದ್ದ. ನಾವು ಆ ಕೈಯನ್ನೇ ಕಟ್ಟಿಬಿಟ್ವಿ.”

ಎಷ್ಟೋ ಕೂಸುಗಳ ಕೈ ಕಟ್ಟಿದ್ದು ನೆನಪಾಗಿ ಮಹಾದೇವಮ್ಮನಿಗೆ ಒಳಗೊಳಗೇ ಕಸಿವಿಸಿಯಾಯಿತು. ಆದರೆ ಕಣ್ಣು ಕೂಸಿನ ಮೇಲೆಯೇ ಇತ್ತು. ಗ್ರೀಷ್ಮಾ ಮಡಿಲಲ್ಲಿ ಅಡ್ಡ ಮಲಗಿಸಿ ಎದೆಗೆ ತಂದಾಗ, ಕೂಸಿನ ಕೆಳಗಿನ ಕೈ ನಡುವೆ ಸಿಕ್ಕಿ ಮತ್ತೆ ಬಾಯಿಗೇ ಹೋಯಿತು. ಹೊತ್ತು ಸರಿಯಿತ್ತು, ಆದರೂ ಎದೆ ಬಾಯಿಗೆ ದಕ್ಕಲಿಲ್ಲ. ಗ್ರೀಷ್ಮಾಳ ಮುಖ ಬಾಡಿತು.

ಆಗ ಮಹಾದೇವಮ್ಮನಿಗೆ ತನ್ನ ಬಚ್ಚಲು ನೆನಪಾಯಿತು. ನೀರೆರೆಯುವಾಗ ಅಂಗಾತ ಹಾಕಿದ ಕೂಸು ಕೈಕಾಲು ಬಡಿಯುತ್ತದೆ. ಕಾಲ ಮೇಲೆ ಬೋರಲು ಹಾಕಿದೊಡನೆ ಸುಮ್ಮನಾಗಿ, ಎರಡೂ ಕೈಯಿಂದ ಕಾಲನ್ನು ತಬ್ಬಿಕೊಳ್ಳುತ್ತದೆ. ಅವಳು ಹೇಳಿದಳು:

“ಹಿಂದಕ್ಕ ಒರಗಿ ಕೂಡು ತಂಗಿ. ಕೂಸನ್ನ ನಿನ್ನ ಮೈಮ್ಯಾಲೆ ಬೋರಲ ಹಾಕು, ಹೊಟ್ಟಿಗೆ ಹೊಟ್ಟಿ ಹತ್ತಬೇಕು. ಒಂದು ಕೈ ಆಕಡೆ, ಒಂದು ಕೈ ಈಕಡೆ. ಹಿಡೀಬ್ಯಾಡ, ತಬ್ಬಿಕೊಳ್ಳಲಿ ಬಿಡು.”

ಗ್ರೀಷ್ಮಾ ದಿಂಬಿಗೆ ಒರಗಿದಳು. ಕೂಸು ಅವಳ ಎದೆಯ ಮೇಲೆ ಕಪ್ಪೆಯಂತೆ ಬಿದ್ದುಕೊಂಡಿತು. ಒಂದು ಸಲ ಮುಷ್ಟಿ ಚೀಪಿತು, ಬಿಟ್ಟಿತು. ಎರಡೂ ಕೈ ಎದೆಯ ಎರಡು ಬದಿಗೆ ಬಂದವು. ತಲೆ ಎತ್ತಿ, ಬೀಳಿಸಿ, ಬಾಯಿ ಅಗಲಿಸಿ ತಾನೇ ಕಚ್ಚಿ ಹಿಡಿಯಿತು. ಮರುಕ್ಷಣ ಗುಟುಕು ಗುಟುಕಾಗಿ ನುಂಗುವ ಸದ್ದು.

“ಅಜ್ಜಿ, ನನ್ನ ಎರಡೂ ಕೈ ಖಾಲಿ ಇದೆ,” ಎಂದು ಗ್ರೀಷ್ಮಾ ಪಿಸುಗುಟ್ಟಿದಳು.

ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಕೂಸಿನ ಮುಷ್ಟಿ ಏರಿದರೆ ಸಾಕು, ಊಟದ ತಟ್ಟೆ ಬಿಟ್ಟು ಏಳುವಳು. ಸೀತಾಲಕ್ಷ್ಮಿ ಗೊಣಗಿದರು, ಗಳಿಗೆಗೊಮ್ಮೆ ಕೊಟ್ಟರೆ ಹಾಲು ಊರುವುದು ಯಾವಾಗ ಎಂದರು. ಕೊಟ್ಟಷ್ಟೂ ಊರುತ್ತದೆ ಎಂಬುದಕ್ಕೆ ಸೊಸೆಯ ಒದ್ದೆಯಾದ ರವಿಕೆಯೇ ಸಾಕ್ಷಿಯಾದ ಮೇಲೆ, ಗೊಣಗುವುದನ್ನು ಕಡಿಮೆ ಮಾಡಿದರು. ಡಬ್ಬಿಯನ್ನು ಮಾತ್ರ ಕಪಾಟಿನೊಳಗೆ ಇಡಲಿಲ್ಲ.

ಲಸಿಕೆಯ ದಿನ ಎಲ್ಲರೂ ಹೋದರು. ತಕ್ಕಡಿಯ ಮೇಲೆ ಕೂಸನ್ನು ಮಲಗಿಸಿದಾಗ ಗ್ರೀಷ್ಮಾ ಅಂಕಿ ನೋಡದೆ ಕಣ್ಣು ಮುಚ್ಚಿ, ಮಹಾದೇವಮ್ಮನ ಮಣಿಕಟ್ಟು ಹಿಡಿದುಕೊಂಡಳು. ನರ್ಸಮ್ಮ ಮರಾಠಿಯಲ್ಲಿ, ಬಾಳ ಛಾನ್ ವಾಢಲಂಯ್ ಎಂದಳು, ಕೂಸು ಚೆನ್ನಾಗಿ ಬೆಳೆದಿದೆ ಎಂದು. ಸೀತಾಲಕ್ಷ್ಮಿ ನಂಬದೆ ತಮ್ಮ ಮುರುಕು ಹಿಂದಿಯಲ್ಲಿ ಹೇಳಿ ಇನ್ನೊಮ್ಮೆ ತೂಗಿಸಿದರು. ಅದೇ ಅಂಕಿ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ನೋಡಿದರು.

“ನನ್ನ ಮಗನೂ ಇಷ್ಟು ತೂಗಿರ್ಲಿಲ್ಲ ಕಣೇ,” ಎಂದರು ಸೊಸೆಗೆ. ನಿಖಿಲ ಅಲ್ಲೇ ನಿಂತಿದ್ದ.

ಸಂಜೆ ಅವರೇ ಡಬ್ಬಿ ಹಿಡಿದು ಔಷಧಿ ಅಂಗಡಿಗೆ ಹೋದರು. ಅಂಗಡಿಯ ಹುಡುಗ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದದ್ದಕ್ಕೆ, ತಮ್ಮ ಸೊಸೆಗೆ ಎಷ್ಟು ಹಾಲಿದೆ ಎಂದು ಅಲ್ಲಿದ್ದ ಗಿರಾಕಿಗಳ ಮುಂದೆ ವರ್ಣಿಸಲು ತೊಡಗಿದರಂತೆ. ನಾಚಿಕೊಂಡ ಆ ಹುಡುಗ ಡಬ್ಬಿ ಇಟ್ಟುಕೊಂಡ.

ರಜೆ ಮುಗಿಯಿತು. ಗ್ರೀಷ್ಮಾ ಕೆಲಸಕ್ಕೆ ಹೊರಟ ಮೊದಲ ಬೆಳಿಗ್ಗೆ, ಹಿಂಡಿಟ್ಟ ಹಾಲು ಫ್ರಿಜ್ಜಿನಲ್ಲಿತ್ತು. ಅದನ್ನು ಕುಡಿಸಲು ಸೀತಾಲಕ್ಷ್ಮಿ ಮೈಸೂರಿನಿಂದ ಬೆಳ್ಳಿಯ ಒಳಲೆ ತರಿಸಿದ್ದರು. ಕೂಸಿನ ಮುಷ್ಟಿ ಏರುವುದನ್ನು ಎಲ್ಲರಿಗಿಂತ ಮೊದಲು ಕಾಣುವವರು ಈಗ ಅವರೇ. ಮಹಾದೇವಮ್ಮ ಎಣ್ಣೆ ಬಟ್ಟಲು ಹಿಡಿದು ಒಳಗೆ ಬರುವುದಕ್ಕೂ ಗ್ರೀಷ್ಮಾ ಚಪ್ಪಲಿ ಮೆಟ್ಟುವುದಕ್ಕೂ ಸರಿಹೋಯಿತು. ಹೊರಗೆ ನಿಖಿಲ ಸ್ಕೂಟರ್ ಶುರುಮಾಡಿ, ಬಸ್ಸು ತಪ್ಪುತ್ತದೆ ಎಂದು ಕರೆಯುತ್ತಿದ್ದ. ಅವಳು ಎರಡು ಹೆಜ್ಜೆ ಹೋದವಳು ತಿರುಗಿ ಬಂದು, ಅವನಿಗೂ ಕೇಳುವಂತೆ ಕೇಳಿದಳು:

“ಅಜ್ಜಿ, ಎರಡನೇದಕ್ಕೂ ನೀವೇ ಎರೀತೀರಿ ತಾನೇ?”