ಕ್ಯೋಟೋದಲ್ಲಿ ಅಕ್ಕ ಬಿಸಿ ಅನ್ನ ಉಂಡದ್ದು

ಮೆಲ್ಬರ್ನಿನ ಬಾಕ್ಸ್ ಹಿಲ್‌ನ ನಮ್ಮ ಮನೆಯಲ್ಲಿ ಒಂದು ಹಳೆಯ ರೈಸ್ ಕುಕ್ಕರ್ ಇದೆ. ಮುಚ್ಚಳದ ಹಿಡಿ ಅಲ್ಲಾಡುತ್ತದೆ, ಕೆಂಪು ದೀಪ ಮನಸ್ಸು ಬಂದಾಗ ಮಾತ್ರ ಉರಿಯುತ್ತದೆ. ಬಿಸಾಡಿ ಹೊಸದು ತೆಗೆದುಕೊಳ್ಳೋಣ ಎಂದು ನನ್ನ ಯಜಮಾನರು ಹೇಳುತ್ತಲೇ ಇರುತ್ತಾರೆ. ಇವತ್ತು ಮಧ್ಯಾಹ್ನ ಅದು ಟಕ್ಕೆಂದು ಸದ್ದು ಮಾಡಿ, ಬೆಂದ ಅನ್ನದ ಹಬೆ ಮೂಗಿಗೆ ಬಂದಾಗ ನನಗೊಬ್ಬಳಿಗೇ ನಗು ಬಂತು. ಜಪಾನ್ ನೋಡಿಕೊಂಡು ಬಂದ ಕುಕ್ಕರನ್ನು ಯಾರಾದರೂ ಬಿಸಾಡುತ್ತಾರೆಯೇ, ನೀವೇ ಹೇಳಿ.

ಅದು ನನ್ನ ಅಕ್ಕನದು. ಅಕ್ಕ ಇರುವುದು ಸಿಡ್ನಿಯ ಲಿವರ್‌ಪೂಲ್‌ನಲ್ಲಿ. ಭಾನುವಾರ ಬಂದರೆ ಅವಳ ಮನೆಯೊಂದು ಛತ್ರ. ಇಲ್ಲೇ ನೆಲೆಸಲು ಪಿಆರ್ ಸಿಕ್ಕವರು, ಸಿಗದವರು, ರೆಂಟಿಗೆ ಮನೆ ಹುಡುಕುತ್ತಿರುವವರು, ಎಲ್ಲರೂ ‘ಆಂಟಿ’ಯ ಸಾರಿಗೆ ಹಾಜರು. ಅಕ್ಕ ಸೌಟು ಹಿಡಿದು ಟೇಬಲ್ಲಿನ ಸುತ್ತ ಓಡಾಡುವಳು. ಎಲ್ಲರದೂ ಮುಗಿದ ಮೇಲೆ, ತಳದಲ್ಲಿ ಉಳಿದ ಆರಿದ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಸಿಂಕಿನ ಪಕ್ಕ ನಿಂತೇ ಊಟ ಮುಗಿಸುವಳು. ಮೈಸೂರಿನಲ್ಲಿ ನಮ್ಮಮ್ಮ ತೀರಿಕೊಂಡಾಗ ನಾನಿನ್ನೂ ಲಂಗ ತೊಡುವ ಹುಡುಗಿ, ಅಕ್ಕ ಕಾಲೇಜಿಗೆ ಹೊರಟಿದ್ದವಳು. ಅಂದು ಹಿಡಿದ ಸೌಟನ್ನು ಅವಳು ಕೆಳಗಿಟ್ಟದ್ದನ್ನು ನಾನು ಕಂಡಿರಲಿಲ್ಲ. ಅವಳು ಬಿಸಿ ಅನ್ನ ಉಂಡದ್ದನ್ನೂ ಕಂಡಿರಲಿಲ್ಲ.

ಇದು ಬಹಳ ವರ್ಷ ನನ್ನ ಮನಸ್ಸನ್ನು ಕೊರೆಯುತ್ತಿತ್ತು. ಇಸವಿ ಎರಡು ಸಾವಿರ ದಾಟಿದ ವರ್ಷಗಳಲ್ಲಿ, ಇಬ್ಬರ ಮಕ್ಕಳೂ ಯೂನಿವರ್ಸಿಟಿ ಸೇರಿದ ಮೇಲೆ, ಗಂಡಂದಿರನ್ನು ಬಿಟ್ಟು ನಾವಿಬ್ಬರೇ ಜಪಾನಿಗೆ ಹೋಗೋಣವೆಂದು ಹಟ ಹಿಡಿದೆ. ಚೆರ್ರಿ ಹೂವು, ಬುಲೆಟ್ ಟ್ರೈನು, ಬುದ್ಧನ ಗುಡಿಗಳು ಎಂದೆಲ್ಲ ಆಸೆ ತೋರಿಸಿದೆ. ಒಳಗಿದ್ದ ಆಸೆ ಇಷ್ಟೇ: ಒಂದು ಸಲವಾದರೂ ಅಕ್ಕನನ್ನು ಕೂರಿಸಿ, ಇನ್ನೊಬ್ಬರು ಮಾಡಿದ ಅನ್ನವನ್ನು ಬಿಸಿಬಿಸಿಯಾಗಿ, ಮೊದಲು ಅವಳಿಗೆ ಬಡಿಸುವುದನ್ನು ನೋಡಬೇಕು.

ಮೆಲ್ಬರ್ನಿನಿಂದ ಹೊರಟು ಸಿಡ್ನಿ ಏರ್‌ಪೋರ್ಟಿನಲ್ಲಿ ಅಕ್ಕನನ್ನು ಕೂಡಿಕೊಂಡರೆ, ಅವಳ ಸೂಟ್‌ಕೇಸ್ ಎತ್ತಲಿಕ್ಕೇ ಆಗದು. ಎರಡು ಸೀರೆಗಳ ನಡುವೆ ಕೂಸಿನ ಹಾಗೆ ಸುತ್ತಿದ್ದ ಈ ಕುಕ್ಕರ್! ಜೊತೆಗೆ ಚಟ್ನಿಪುಡಿ.

“ಅಕ್ಕ, ನಾವು ಹಾಲಿಡೇಗೆ ಹೋಗ್ತಿರೋದು.”

“ಹಾಲಿಡೇ ಅಂದ್ರೆ ಹಸಿವು ಆಗಲ್ವಾ? ಅಕ್ಕಿ ಅಲ್ಲೇ ಸಿಗುತ್ತಂತೆ. ನೀನು ಪ್ಲಗ್ ಒಂದು ನೋಡ್ಕೋ, ಇಂಜಿನಿಯರ್ ಅಲ್ವಾ.”

ಹೌದು, ನಾನು ಎಲೆಕ್ಟ್ರಿಕಲ್ ಇಂಜಿನಿಯರ್. ಡಾಕ್‌ಲ್ಯಾಂಡ್ಸ್‌ನ ಆಫೀಸಿನಲ್ಲಿ ದಿನವಿಡೀ ವೋಲ್ಟೇಜಿನ ಮಾತನ್ನೇ ಆಡಿ ಸಂಬಳ ಎಣಿಸುವವಳು. ಏರ್‌ಪೋರ್ಟಿನ ಅಂಗಡಿಯಲ್ಲೇ ಅಡಾಪ್ಟರ್ ಕೊಂಡು ಗತ್ತಿನಿಂದ ಬ್ಯಾಗಿಗೆ ಹಾಕಿಕೊಂಡೆ.

ಟೋಕಿಯೋದ ಹೋಟೆಲ್ ಕೋಣೆ ನಮ್ಮ ಊರಿನ ದೇವರ ಮನೆಗಿಂತ ಒಂದಿಷ್ಟು ದೊಡ್ಡದು, ಅಷ್ಟೇ. ಅಕ್ಕ ಬಾತ್‌ರೂಮಿನ ಬೇಸಿನ್ನಿನಲ್ಲಿ ಅಕ್ಕಿ ತೊಳೆದಳು, ನಾನು ಅಡಾಪ್ಟರ್ ಸಿಕ್ಕಿಸಿದೆ. ನೈವೇದ್ಯಕ್ಕೆ ಕಾದವರಂತೆ ಇಬ್ಬರೂ ಮಂಚದ ಮೇಲೆ ಕಾಲು ಮಡಿಸಿ ಕೂತೆವು. ಕಿಟಕಿಯಾಚೆ ಸಂಜೆಯ ದೀಪಗಳೆಲ್ಲ ಹೊತ್ತಿಕೊಂಡವು, ಕುಕ್ಕರ್ ಮಾತ್ರ ತೆಪ್ಪಗಿತ್ತು. ಕೊನೆಗೆ ಮುಚ್ಚಳ ತೆಗೆದರೆ, ಅಕ್ಕಿ ಉಗುರುಬೆಚ್ಚಗಿನ ನೀರಿನಲ್ಲಿ ಹಾಯಾಗಿ ಸ್ನಾನ ಮಾಡುತ್ತಿತ್ತು.

“ಇದಕ್ಕೂ ಜೆಟ್‌ಲ್ಯಾಗ್ ಆಗಿದೆಯೇನೋ,” ಎಂದಳು ಅಕ್ಕ.

ಆಗ ನನಗೆ ಹೊಳೆಯಿತು. ಜಪಾನಿನ ವೋಲ್ಟೇಜು ನಮ್ಮದರ ಅರ್ಧಕ್ಕೂ ಕಡಿಮೆ. ಪಿನ್ನು ಹೊಂದಿತು, ಕರೆಂಟು ಬಂತು, ಅನ್ನ ಬೇಯುವಷ್ಟು ಕಾವು ಮಾತ್ರ ಬರಲಿಲ್ಲ. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಸಂಗತಿ. ತಗ್ಗಿದ ದನಿಯಲ್ಲಿ ಅಕ್ಕನಿಗೆ ವಿವರಿಸಿದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, ನಿನ್ನ ಡಿಗ್ರಿ ಸರ್ಟಿಫಿಕೇಟನ್ನು ಇನ್ನೂ ಹಾಲ್‌ನಲ್ಲೇ ನೇತುಹಾಕಿದ್ದೀಯಾ, ಊರಿಗೆ ಹೋದ ಮೇಲೆ ತೆಗೆದು ಒಳಗಿಡು ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿ. ಅಕ್ಕನ ಸೌಟಿಗೆ ಕೆಲಸ ತಪ್ಪಿತಲ್ಲ!

ಆದರೆ ಅಕ್ಕ ಅಷ್ಟಕ್ಕೇ ಸೋಲುವವಳಲ್ಲ. ಕೆಳಗಿನ ಅಂಗಡಿಯಲ್ಲಿ ಹುಳಿ ಉಪ್ಪಿನಕಾಯಿ ಇಟ್ಟ ತಣ್ಣನೆಯ ಅನ್ನದುಂಡೆ ಸಿಕ್ಕಿತು. ಅವಳು ಅದನ್ನು ಮುರಿದು ದೊಡ್ಡ ಪಾಲನ್ನು ನನ್ನ ಕೈಗಿಟ್ಟಳು. ಒಸಾಕಾದಲ್ಲಿ ಸುಟ್ಟ ಗೆಣಸು ಕೊಂಡರೆ ಅದರ ಬಿಸಿ ತಿರುಳೆಲ್ಲ ನನಗೆ, ಸಿಪ್ಪೆಗೆ ಅಂಟಿದ್ದು ಅವಳಿಗೆ. ಆ ಊರಿನಲ್ಲಿ ಎಸ್ಕಲೇಟರಿನ ಬಲಗಡೆ ನಿಲ್ಲುತ್ತಾರೆ, ಟೋಕಿಯೋದಲ್ಲಿ ಎಡಗಡೆ. ಒಂದೇ ದೇಶ, ಎರಡು ಮಡಿ ಎಂದು ಅಕ್ಕ ಗೊಣಗುತ್ತಾ ಬಲಕ್ಕೆ ಸರಿದಳು. ನಾರಾದ ಪಾರ್ಕಿನಲ್ಲಿ ಜಿಂಕೆಗಳು ತಲೆಬಾಗಿ ಬಿಸ್ಕತ್ತು ಕೇಳಿದಾಗ ಅವಳಿಗೆ ಮನೆಯ ಭಾನುವಾರವೇ ನೆನಪಾಗಿರಬೇಕು. ಕೋಡಿನ ದೊಡ್ಡ ಜಿಂಕೆಯನ್ನು ಕನ್ನಡದಲ್ಲೇ ಗದರಿಸಿ, ಮರಿಗಳನ್ನೆಲ್ಲ ಮುಂದೆ ಕರೆದು ಹಂಚಿದಳು. ಕಾದು ಸಾಕಾದ ಆ ದೊಡ್ಡದು ಅವಳ ಸೆರಗನ್ನೇ ಬಾಯಿಗೆ ಹಾಕಿಕೊಂಡಿತು.

ನನ್ನ ಆಸೆಯೆಲ್ಲ ನಿಂತಿದ್ದದ್ದು ಕ್ಯೋಟೋದ ಮೇಲೆ. ಅಲ್ಲಿ ಮರದ ಹಳೆಯ ವಸತಿಯೊಂದರಲ್ಲಿ ಬೌದ್ಧ ಸನ್ಯಾಸಿಗಳ ಪದ್ಧತಿಯ ಅಡುಗೆ, ಮೀನಿನ ಸೋಂಕೂ ಇಲ್ಲದ್ದು. ಅದನ್ನು ಇಮೇಲ್ ಮೇಲೆ ಇಮೇಲ್ ಕಳಿಸಿ ಖಾತ್ರಿ ಮಾಡಿಕೊಂಡೇ ಬುಕ್ ಮಾಡಿದ್ದೆ. ಸಂಜೆ ಚಾಪೆಯ ಮೇಲೆ ಕೂತೆವು. ಕಿಮೋನೋ ಉಟ್ಟ ಅಜ್ಜಿಯೊಬ್ಬರು ಮೊಣಕಾಲೂರಿ ಬಾಗಿಲು ಸರಿಸಿ, ನಮ್ಮಿಬ್ಬರ ಮುಂದೆ ಪುಟ್ಟ ಮಣೆಗಳನ್ನಿಟ್ಟರು. ಆಮೇಲೆ ಮರದ ಬುಟ್ಟಿಯ ತುಂಬ ಹಬೆಯಾಡುವ ಅನ್ನ ಬಂತು.

ಹಬೆ ಕಂಡದ್ದೇ ತಡ, ಅಕ್ಕ ಎದ್ದೇಬಿಟ್ಟಳು. ಸೌಟಿಗೆ ಕೈ ಚಾಚಿದಳು. ಅಜ್ಜಿ ನಗುತ್ತಾ ಸೌಟನ್ನು ಬುಟ್ಟಿಯ ಆಚೆ ಬದಿಗೆ ಇಟ್ಟುಕೊಂಡರು. ಅಕ್ಕ ಕೂರಲಿಲ್ಲ. ನನ್ನ ಕಡೆ ಕೈ ತೋರಿಸಿ, “ಇವಳಿಗೆ ಮೊದಲು ಹಾಕಿ, ಇವಳು ಚಿಕ್ಕವಳು,” ಎಂದಳು, ಅಚ್ಚ ಕನ್ನಡದಲ್ಲಿ. ಅಜ್ಜಿ ನನ್ನನ್ನು ನೋಡಿದರು, ಅಕ್ಕನ ನರೆಗೂದಲನ್ನು ನೋಡಿದರು. ಜಪಾನೀ ಭಾಷೆಯಲ್ಲಿ ಏನೋ ಮೆಲ್ಲಗೆ ಹೇಳಿ, ಅಕ್ಕನ ಮೊಣಕೈ ಹಿಡಿದು ಕೂರಿಸಿ, ಮೊದಲ ಬಟ್ಟಲನ್ನು ತುಂಬಿ ಅವಳ ಎರಡೂ ಕೈಗೆ ಕೊಟ್ಟರು.

ನನ್ನ ಬಟ್ಟಲು ಇನ್ನೂ ಖಾಲಿ. ಅಕ್ಕ ನನ್ನ ಮುಖ ನೋಡಿದಳು. ತಿನ್ನು ಎಂದೆ. ಅಜ್ಜಿಯೂ ತಲೆಯಾಡಿಸಿದರು, ಅವಳು ಒಂದು ತುತ್ತು ಬಾಯಿಗಿಡುವವರೆಗೂ ಸೌಟು ಮುಟ್ಟುವುದಿಲ್ಲ ಎನ್ನುವ ಹಾಗೆ. ಅಕ್ಕ ಊಟದ ಕಡ್ಡಿಗಳನ್ನು ಬದಿಗಿಟ್ಟು ಕೈಯಿಂದಲೇ ಒಂದು ತುತ್ತು ತೆಗೆದುಕೊಂಡಳು. ಬೆರಳು ಸುಟ್ಟಿತು, ಊದಿಕೊಂಡಳು, ಉಂಡಳು.

“ಬಿಸಿ ಇದೆ ಕಣೇ,” ಎಂದಳು.

ಇಷ್ಟು ವರ್ಷ ಊರಿಗೆಲ್ಲ ಅನ್ನ ಬೇಯಿಸಿ ಹಾಕಿದವಳು, ಅನ್ನ ಬಿಸಿ ಇರುತ್ತದೆಂದು ಆಗಷ್ಟೇ ಕಂಡುಕೊಂಡಂತೆ ಹೇಳಿದಳು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅಕ್ಕ ಅಂದು ಮತ್ತೆ ಮತ್ತೆ ಬಟ್ಟಲು ಚಾಚಿದಳು, ಅಜ್ಜಿ ಬಡಿಸುತ್ತಲೇ ಹೋದರು. ಅಷ್ಟು ಸುಖವಾದ ಊಟವನ್ನು ನಾನು ಬೇರೆ ಕಂಡಿಲ್ಲ.

ಊರಿಗೆ ಮರಳಿದ ಮೊದಲ ಭಾನುವಾರ ಲಿವರ್‌ಪೂಲ್‌ನಲ್ಲಿ ಅಕ್ಕ ಮೊದಲ ತಟ್ಟೆ ತನಗೇ ಇಟ್ಟುಕೊಂಡು ಕೂತಳಂತೆ. ಮೈಗೆ ಹುಷಾರಿಲ್ಲವೇ ಎಂದು ಭಾವ ಗಾಬರಿಯಾದರಂತೆ. ಜಪಾನಿನಲ್ಲಿ ಹೀಗೇ ಎಂದಳಂತೆ ಅಕ್ಕ. ಜಪಾನ್ ನೋಡದ ಭಾವ ತಾವೇ ಸೌಟು ತೆಗೆದುಕೊಂಡು ಬಡಿಸಲು ನಿಂತರಂತೆ. ಮುಂದಿನ ಸಲ ಇಲ್ಲಿಗೆ ಬಂದಾಗ, ಇಂಜಿನಿಯರಿಗೆ ನೆನಪಿರಲಿ ಎಂದು ಈ ಕುಕ್ಕರನ್ನು ನನಗೇ ಬಿಟ್ಟು ಹೋದಳು.

ಇವತ್ತೂ ಅಕ್ಕ ಬಂದಿದ್ದಾಳೆ. ನಾನು ಕುಕ್ಕರಿನ ಮುಂದೆ ನಿಂತು ನಿಮ್ಮೊಡನೆ ಹೀಗೆ ಹರಟುತ್ತಿರುವಾಗ ಊಟದ ಟೇಬಲ್ಲಿನಿಂದ ತಟ್ಟೆ ತಟ್ಟುವ ಸದ್ದು ಕೇಳುತ್ತಿದೆ. ಇಣುಕಿ ನೋಡಿದರೆ, ನನ್ನ ಯಜಮಾನರು ಇನ್ನೂ ಕೈ ತೊಳೆಯುತ್ತಿದ್ದಾರೆ, ಅಕ್ಕ ಮಾತ್ರ ಆಗಲೇ ಕೂತಿದ್ದಾಳೆ.

“ಏನು ಮಾಡ್ತಿದೀಯೇ ಅಲ್ಲಿ? ಬೇಗ ಬಡಿಸು, ಆರಿ ಹೋಗುತ್ತೆ.”